ಅಲ್ಪ ಖರ್ಚಿನ ಔತಣ: ಅಡುಗೆಮನೆಯ ಬರೆಯದ ಇತಿಹಾಸ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದು ಕನ್ನಡದ ಗಾದೆ. ಚಾದರ ನೋಡಿಕೊಂಡು ಕಾಲು ಚಾಚಬೇಕೆಂದು ಉರ್ದು ಮಾತನಾಡುವ ಹಿರಿಯರೂ ಹೇಳುತ್ತಾರೆ. ಎರಡು ಭಾಷೆಯವರೂ ಒಂದೇ ಬುದ್ಧಿಮಾತನ್ನು ಹೇಳಿದ್ದಾರೆ. ಆದರೆ ಮನೆಗೆ ನೆಂಟರು ಬರುವ ದಿನ ಈ ಗಾದೆ ಯಾರಿಗೂ ನೆನಪಾಗುವುದಿಲ್ಲ. ದಸ್ತರ್‌ಖಾನ್ ಹಾಸಿದ ಮೇಲೆ ಮನೆಯ ಮಾನ ಅದರ ಮೇಲಿದೆ ಎಂದು ನಾವು ಭಾವಿಸುತ್ತೇವೆ. ಕೈ ಸಾಲವಾದರೂ ಸರಿ, ನಾಲ್ಕು ಜನ ಮೆಚ್ಚುವಂತಿರಬೇಕು ಎನ್ನುತ್ತೇವೆ. ಒಂದು ದಿನದ ಔತಣದ ಸಾಲವನ್ನು ವರ್ಷವಿಡೀ ತೀರಿಸುವ ಮನೆಗಳು ನಮ್ಮ ನಡುವೆ ಇವೆ. ಆ ಸಾಲದ ಕಂತು ಎಷ್ಟೋ ಸಲ ಮಗಳ ಕಾಲೇಜು ಶುಲ್ಕದಿಂದಲೇ ಕಡಿತವಾಗುತ್ತದೆ.

ಕಡಿಮೆ ಖರ್ಚಿನಲ್ಲಿ ನೆಂಟರು ಮೆಚ್ಚುವ ಅಡುಗೆ ಮಾಡುವುದು ಹೇಗೆ? ಅಂತಹ ಪಾಕವಿಧಾನಗಳನ್ನು ಎಲ್ಲಿ ಹುಡುಕಬೇಕು? ಇದು ಕೇವಲ ಗೃಹಿಣಿಯರ ಪ್ರಶ್ನೆಯೆಂದು ಅನೇಕರು ಭಾವಿಸಬಹುದು. ವಾಸ್ತವವಾಗಿ ಇದು ಇತಿಹಾಸದ ಪ್ರಶ್ನೆಯೂ ಹೌದು. ಅಡುಗೆಯ ಬಗ್ಗೆ ಹಿಂದಿನವರು ಏನು ಬರೆದಿಟ್ಟರು, ಏನನ್ನು ಬರೆಯದೆ ಬಿಟ್ಟರು ಎಂಬುದನ್ನು ನೋಡಿದರೆ ಉತ್ತರ ಎಲ್ಲಿದೆ ಎಂಬುದು ತಿಳಿಯುತ್ತದೆ.

ಅರಮನೆಯ ಪುಸ್ತಕಗಳು

ಅಡುಗೆಯನ್ನು ಗ್ರಂಥಸ್ಥಗೊಳಿಸುವುದರಲ್ಲಿ ಕನ್ನಡ ನಾಡು ಹಿಂದೆ ಬಿದ್ದಿಲ್ಲ. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಗೆ ಸಂಬಂಧಿಸಿದ ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜಭೋಜನದ ವಿವರಗಳು ತುಂಬಿವೆ. 1508ರ ಸುಮಾರಿಗೆ ಕಲ್ಲಹಳ್ಳಿಯ ಮೂರನೇ ಮಂಗರಸನು 'ಸೂಪಶಾಸ್ತ್ರ' ಎಂಬ ಸಸ್ಯಾಹಾರದ ಗ್ರಂಥವನ್ನು ಕನ್ನಡದಲ್ಲಿಯೇ ಬರೆದನು. ಬದನೆಕಾಯಿ, ಹಲಸು, ಬಾಳೆಯಂತಹ ನಮ್ಮ ಹಿತ್ತಲಿನ ತರಕಾರಿಗಳಿಗೆ ಅವನು ಕೊಟ್ಟ ಸ್ಥಾನ ಗಮನಾರ್ಹ.

ಇದೇ ಕಾಲದಲ್ಲಿ ಮಾಳ್ವದ ಮಾಂಡುವಿನಲ್ಲಿ ಸುಲ್ತಾನ್ ಗಿಯಾಸುದ್ದೀನ್ ಶಾಹ್‌ನ ಆಸ್ಥಾನದಲ್ಲಿ 'ನಿಅಮತ್‌ನಾಮಾ' ಎಂಬ ಸಚಿತ್ರ ಪಾಕಗ್ರಂಥ ಸಿದ್ಧವಾಯಿತು. ಅವನ ಮಗ ನಾಸಿರ್ ಶಾಹ್‌ನ ಕಾಲದಲ್ಲಿ, ಅಂದರೆ 1500ರ ನಂತರ ಅದು ಪೂರ್ಣಗೊಂಡಿತು. ಸಮೋಸಾ ಮಾಡುವ ಹಲವು ವಿಧಾನಗಳು ಅದರಲ್ಲಿವೆ. ಈ ಹಸ್ತಪ್ರತಿಗೂ ಕರ್ನಾಟಕಕ್ಕೂ ಒಂದು ನಂಟಿದೆ. ಅದು ಕಾಲಾನಂತರ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ಗ್ರಂಥಾಲಯವನ್ನು ಸೇರಿತ್ತು. 1799ರಲ್ಲಿ ಪಟ್ಟಣ ಬಿದ್ದ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಲಂಡನ್ನಿಗೆ ಹೋಯಿತು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಅಕ್ಬರನ ಆಡಳಿತದ ವಿವರಗಳನ್ನು ದಾಖಲಿಸಿದ ಅಬುಲ್ ಫಜಲ್‌ನ 'ಐನ್-ಇ-ಅಕ್ಬರಿ' (1590ರ ದಶಕ) ಇನ್ನೂ ಹೆಚ್ಚು ಉಪಯುಕ್ತವಾದುದು. ಅದರಲ್ಲಿ ಅಡುಗೆಗಳ ಹೆಸರಿನ ಜೊತೆಗೆ ಸಾಮಾನುಗಳ ತೂಕವೂ, ಎಷ್ಟು ಪಾತ್ರೆ ಅಡುಗೆಯಾಗುತ್ತದೆ ಎಂಬ ಲೆಕ್ಕವೂ ಇದೆ. ಮಾರುಕಟ್ಟೆಯ ದರಗಳ ಪಟ್ಟಿಯೂ ಇದೆ. ಅದರಲ್ಲಿ ಖಿಚಡಿಯ ವಿಧಾನವನ್ನು ನೋಡೋಣ: ಅಕ್ಕಿ 5 ಸೇರು, ಬೇಳೆ 5 ಸೇರು, ತುಪ್ಪ 5 ಸೇರು! ಉಪ್ಪು ಮೂರನೇ ಒಂದು ಸೇರು. ಇಷ್ಟರಿಂದ ಏಳು ಪಾತ್ರೆ ಖಿಚಡಿಯಾಗುತ್ತದೆ. (ಸೇರು ಎಂದರೆ ಇಲ್ಲಿ ತೂಕ, ನಮ್ಮ ಅಳತೆಯ ಸೇರಲ್ಲ.) ಅಕ್ಕಿಯಷ್ಟೇ ತುಪ್ಪ ಸುರಿಯುವ ಖಿಚಡಿಯನ್ನು ಯಾವ ಸಾಮಾನ್ಯ ಮನೆಯಲ್ಲಿ ಮಾಡಲು ಸಾಧ್ಯ?

ಆದರೆ ಖಿಚಡಿ ಅರಮನೆಯಲ್ಲಿ ಹುಟ್ಟಿದ ಅಡುಗೆಯಲ್ಲ. ಅಕ್ಬರನಿಗಿಂತ ಇನ್ನೂರು ವರ್ಷಕ್ಕೂ ಹಿಂದೆ ಭಾರತಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ, ಇಲ್ಲಿಯ ಜನರು ಹೆಸರುಕಾಳನ್ನು ಅಕ್ಕಿಯೊಂದಿಗೆ ಬೇಯಿಸಿ ತುಪ್ಪ ಹಾಕಿಕೊಂಡು ಬೆಳಗಿನ ಹೊತ್ತು ತಿನ್ನುತ್ತಾರೆಂದೂ ಅದರ ಹೆಸರು 'ಕಿಶ್ರಿ' ಎಂದೂ ಬರೆದಿದ್ದಾನೆ. ಜನರ ಅಡುಗೆ ಅರಮನೆಗೆ ಹೋಗಿ ತುಪ್ಪದಲ್ಲಿ ಮಿಂದು ಪುಸ್ತಕಕ್ಕೆ ಏರಿತು. ಲಖನೌದಲ್ಲಿ ಇದು ಇನ್ನೂ ಮುಂದೆ ಹೋಯಿತು. ಅಬ್ದುಲ್ ಹಲೀಮ್ ಶರರ್ ಅವರು ಆ ನಗರದ ಗತವೈಭವದ ಕುರಿತು 20ನೇ ಶತಮಾನದ ಆರಂಭದಲ್ಲಿ ಬರೆದ ಉರ್ದು ಲೇಖನಮಾಲೆಯಲ್ಲಿ, ಬಾದಾಮಿಯನ್ನು ಅಕ್ಕಿಯಂತೆಯೂ ಪಿಸ್ತಾವನ್ನು ಬೇಳೆಯಂತೆಯೂ ಕತ್ತರಿಸಿ ಮಾಡುತ್ತಿದ್ದ ಖಿಚಡಿಯ ವರ್ಣನೆಯಿದೆ. ಬಡವನ ಊಟದ ವೇಷವನ್ನು ಶ್ರೀಮಂತಿಕೆ ಹಾಕಿಕೊಂಡಿತು ಎನ್ನಬಹುದು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬರೆದಿಟ್ಟ ಪಾಕಗ್ರಂಥಗಳಲ್ಲಿ ಹೆಚ್ಚಿನವು ಖರ್ಚಿನ ಚಿಂತೆಯಿಲ್ಲದವರ ಅಡುಗೆಮನೆಗೆ ಸೇರಿದವು. ಅವುಗಳನ್ನು ಹಾಗೆಯೇ ಅನುಸರಿಸಿದರೆ ನಮ್ಮ ತಿಂಗಳ ಸಂಬಳ ಒಂದೇ ದಿನಕ್ಕೆ ಮುಗಿಯುತ್ತದೆ. ಇಂದಿನ ಬಣ್ಣದ ಅಡುಗೆ ಪುಸ್ತಕಗಳೂ ಟಿ.ವಿ. ಕಾರ್ಯಕ್ರಮಗಳೂ ಬಹುಮಟ್ಟಿಗೆ ಇದೇ ದಾರಿಯಲ್ಲಿವೆ.

ಮಿತವ್ಯಯ ಬಲ್ಲ ಮುಆಜಾ

ಹಾಗಾದರೆ ಮಿತವ್ಯಯದ ಬಗ್ಗೆ ಯಾರೂ ಬರೆಯಲಿಲ್ಲವೇ? ಬರೆದರು, ಆದರೆ ನಗೆಚಾಟಿಕೆಯ ರೂಪದಲ್ಲಿ. 9ನೇ ಶತಮಾನದಲ್ಲಿ ಇರಾಕಿನ ಬಸ್ರಾ ನಗರದ ಪ್ರಸಿದ್ಧ ಅರಬ್ಬಿ ಲೇಖಕ ಅಲ್-ಜಾಹಿಜ್ 'ಕಿತಾಬುಲ್ ಬುಖಲಾ', ಅಂದರೆ ಜಿಪುಣರ ಪುಸ್ತಕ ಎಂಬ ಕೃತಿಯನ್ನು ರಚಿಸಿದರು. ಅದರಲ್ಲಿ ಮುಆಜಾ ಎಂಬ ಹೆಂಗಸಿನ ಕಥೆ ಬರುತ್ತದೆ. ಅವಳಿಗೆ ಬಂಧುವೊಬ್ಬ ಕುರ್ಬಾನಿಗಾಗಿ ಒಂದು ಕುರಿಯನ್ನು ಕೊಟ್ಟ. ಅವಳು ಸಂತೋಷಪಡುವ ಬದಲು ಚಿಂತೆಗೆ ಬಿದ್ದಳು. ಇದರಲ್ಲಿ ಸ್ವಲ್ಪವೂ ಹಾಳಾಗಬಾರದು, ಎಲ್ಲವನ್ನೂ ಹೇಗೆ ಬಳಸಲಿ ಎಂಬುದೇ ಅವಳ ಚಿಂತೆ.

ಕೊಂಬನ್ನು ತೊಲೆಗೆ ಹೊಡೆದು ಬುಟ್ಟಿ ತೂಗುಹಾಕುವ ಕೊಕ್ಕೆ ಮಾಡಿದಳು. ಕರುಳು ಹತ್ತಿ ಹಿಂಜುವ ಬಿಲ್ಲಿನ ಹೆದೆಯಾಯಿತು. ಎಲುಬನ್ನು ಜಜ್ಜಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಅಡುಗೆಗೂ ದೀಪಕ್ಕೂ ತೆಗೆದಿಟ್ಟು, ಉಳಿದ ಎಲುಬನ್ನು ಒಲೆಗೆ ಹಾಕಿದಳು. ಚರ್ಮ ಚೀಲವಾಯಿತು, ಉಣ್ಣೆಗೂ ಹಿಕ್ಕೆಗೂ ಉಪಯೋಗ ಸಿಕ್ಕಿತು. ಕೊನೆಗೆ ಉಳಿದದ್ದು ತಿನ್ನಲು ನಿಷಿದ್ಧವಾದ ರಕ್ತ. ಅದಕ್ಕೂ ದಾರಿ ಹೊಳೆಯಿತು: ಹೊಸ ಮಣ್ಣಿನ ಮಡಕೆಗಳನ್ನು ಪಳಗಿಸಲು ಅದನ್ನು ಬಳಿದಳು. ಆರು ತಿಂಗಳ ನಂತರ ಒಬ್ಬರು "ಒಣಗಿಸಿದ ಮಾಂಸ ಹೇಗಿತ್ತು?" ಎಂದು ಕೇಳಿದಾಗ, ಅದರ ಸರದಿ ಇನ್ನೂ ಬಂದಿಲ್ಲ ಎಂಬಂತೆ ಉತ್ತರಿಸಿದಳಂತೆ.

ಜಾಹಿಜ್ ನಗಿಸಲೆಂದೇ ಇದನ್ನು ಬರೆದಿರಬಹುದು. ನಾವೂ ನಗುತ್ತೇವೆ. ಆದರೆ ನಗು ನಿಂತ ಮೇಲೆ ಯೋಚಿಸಿದರೆ, ಸಾವಿರಾರು ಮನೆಗಳಲ್ಲಿ ಸಾವಿರಾರು ಹೆಂಗಸರು ಮಾಡುತ್ತಿದ್ದ ಲೆಕ್ಕಾಚಾರವು ಪುಸ್ತಕದಲ್ಲಿ ಸಿಕ್ಕಿದ ಅಪರೂಪದ ನಿದರ್ಶನ ಇದು. ಜಿಪುಣತನ ಬೇರೆ, ಮಿತವ್ಯಯ ಬೇರೆ. ಜಿಪುಣ ಬೇರೆಯವರಿಗೆ ಕೊಡದೆ ಉಳಿಸುತ್ತಾನೆ. ಮಿತವ್ಯಯಿ ಎಲ್ಲರಿಗೂ ಸಾಕಾಗಲೆಂದು ಉಳಿಸುತ್ತಾನೆ.

ಹೊನ್ನಾವರದ ಊಟ

ಮೆಚ್ಚುಗೆ ಗಳಿಸಲು ಮಾಂಸವೇ ರಾಶಿಯಾಗಿ ಬೇಕೆಂಬ ಭಾವನೆಗೆ ಉತ್ತರವಾಗಿ ನಮ್ಮ ಕರಾವಳಿಯ ಒಂದು ಉದಾಹರಣೆಯಿದೆ. ಮೇಲೆ ಹೇಳಿದ ಇಬ್ನ್ ಬತೂತಾ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದನು. ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಅವನು ಬರೆದಿರುವುದು ನಮ್ಮಂತಹ ಶಿಕ್ಷಣ ಸಂಘದವರು ಎಂದೂ ಮರೆಯಬಾರದ ಮಾತು. ಅಲ್ಲಿಯ ಸುಲ್ತಾನ್ ಜಮಾಲುದ್ದೀನನ ಮನೆಯ ಊಟವನ್ನೂ ಅವನು ವಿವರವಾಗಿ ವರ್ಣಿಸಿದ್ದಾನೆ.

ಮೊದಲು ತಾಟಿಗೆ ಒಂದು ಸೌಟು ಅನ್ನ, ಮೇಲೆ ತುಪ್ಪ. ಬದಿಗೆ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳು. ಅದು ಮುಗಿದ ಮೇಲೆ ಮತ್ತೊಂದು ಸೌಟು ಅನ್ನ, ಅದರೊಂದಿಗೆ ಕೋಳಿ. ಮತ್ತೆ ಅನ್ನ, ಅದರೊಂದಿಗೆ ಮೀನು. ಮತ್ತೆ ಅನ್ನ, ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಯಲ್ಲಿ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಅಲ್ಲಿದ್ದ ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನದಲ್ಲಿಯೇ ಕಳೆದೆನೆಂದೂ ಅವನು ಹೇಳುತ್ತಾನೆ.

ಇದು ಸುಲ್ತಾನನ ಊಟವೆಂಬುದು ನಿಜ. ಆದರೂ ಇದರ ತಳಹದಿ ಅನ್ನ, ಉಪ್ಪಿನಕಾಯಿ, ಮೊಸರು. ಈ ಮೂರು ಬಡವರ ಮನೆಯಲ್ಲೂ ಇರುವ ವಸ್ತುಗಳು. ಕೋಳಿ ಮತ್ತು ಮೀನು ನಡುವೆ ಒಂದೊಂದು ಸುತ್ತು ಬಂದುಹೋಗುತ್ತವೆ, ಅಷ್ಟೆ. ಜಗತ್ತು ಸುತ್ತಿದ ಪ್ರವಾಸಿಯ ನೆನಪಿನಲ್ಲಿ ಈ ಊಟ ಉಳಿಯಲು ಮುಖ್ಯ ಕಾರಣ ಬಡಿಸಿದ ಕ್ರಮ. ಎಲ್ಲವನ್ನೂ ಒಮ್ಮೆಗೇ ತಂದು ಸುರಿಯದೆ, ಒಂದೊಂದಾಗಿ, ಬಿಸಿಯಾಗಿ, ಕೇಳಿ ಕೇಳಿ ಬಡಿಸುವುದಕ್ಕೆ ಹಣ ಬೇಕಿಲ್ಲ.

ಹಿಗ್ಗಿಸುವ ವಿದ್ಯೆ

ಅಲ್ಪ ಖರ್ಚಿನ ಅಡುಗೆಯ ಎರಡನೇ ಗುಟ್ಟು, ಸ್ವಲ್ಪ ಮಾಂಸವನ್ನು ಧಾನ್ಯದೊಂದಿಗೆ ಸೇರಿಸಿ ಹಿಗ್ಗಿಸುವುದು. ಅರಬರ ಹರೀಸಾ ಇದಕ್ಕೆ ಪ್ರಾಚೀನ ಉದಾಹರಣೆ. ಗೋಧಿಯನ್ನೂ ಮಾಂಸವನ್ನೂ ಗಂಟೆಗಟ್ಟಲೆ ಬೇಯಿಸಿ ಒಂದಾಗುವಂತೆ ಕುಟ್ಟುವ ಅಡುಗೆ ಇದು. 'ಐನ್-ಇ-ಅಕ್ಬರಿ'ಯ ಹರೀಸಾದಲ್ಲಿ 10 ಸೇರು ಮಾಂಸಕ್ಕೆ 5 ಸೇರು ಕುಟ್ಟಿದ ಗೋಧಿ. ಅದೇ ಪುಟದಲ್ಲಿರುವ ಹಲೀಮ್‌ಗೆ ಗೋಧಿಯ ಜೊತೆ ಕಡಲೆ, ಗಜ್ಜರಿ, ಪಾಲಕ್ ಸೊಪ್ಪುಗಳೂ ಸೇರುತ್ತವೆ. ಅಂದರೆ ಅರಮನೆಯಲ್ಲಿಯೂ ಹಿಗ್ಗಿಸುವ ವಿದ್ಯೆ ಗೊತ್ತಿತ್ತು. ಹೈದರಾಬಾದಿಗೆ ಬಂದ ಯೆಮನ್ ಮೂಲದ ಅರಬರಿಂದ ಅಲ್ಲಿ ಹಲೀಮ್ ಬಳಕೆಗೆ ಬಂತೆನ್ನುತ್ತಾರೆ. 2010ರಲ್ಲಿ ಹೈದರಾಬಾದಿ ಹಲೀಮ್‌ಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ನಮ್ಮ ದಖ್ಖನಿ ಮನೆಗಳ ದಾಲ್ಚಾ ಈ ವಿದ್ಯೆಯ ಇನ್ನೊಂದು ರೂಪ. ಅರ್ಧ ಕಿಲೋ ಎಲುಬು ಸಹಿತ ಮಾಂಸವನ್ನು ಬರಿಯ ಸಾಲನ್ ಮಾಡಿದರೆ ನಾಲ್ಕೈದು ಜನರಿಗೆ ಸಾಲುವುದು ಕಷ್ಟ. ಅದೇ ಮಾಂಸಕ್ಕೆ ಅರ್ಧ ಕಿಲೋ ಕಡಲೆಬೇಳೆ ಮತ್ತು ತೊಗರಿಬೇಳೆ, ಒಂದು ಸೋರೆಕಾಯಿ, ಹುಣಸೆರಸ ಸೇರಿಸಿ, ಕೊನೆಗೆ ಈರುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ಬಗಾರ ಅನ್ನದೊಂದಿಗೆ ಬಡಿಸಿದರೆ ಹತ್ತು ಹನ್ನೆರಡು ಜನ ತೃಪ್ತಿಯಾಗಿ ಉಣ್ಣುತ್ತಾರೆ. ಮಾಂಸದ ತುಂಡು ಪ್ರತಿಯೊಬ್ಬರಿಗೂ ಸಿಗದೆ ಇರಬಹುದು, ಆದರೆ ಅದರ ರುಚಿ ಪ್ರತಿಯೊಬ್ಬರ ತಟ್ಟೆಯಲ್ಲೂ ಇರುತ್ತದೆ. ಹಿರಿಯರು 'ಬರ್ಕತ್' ಎನ್ನುವುದು ಇದಕ್ಕೇ ಇರಬೇಕು.

ಮೂರನೆಯ ಗುಟ್ಟು, ಹಣದ ಬದಲು ಸಮಯವನ್ನು ಖರ್ಚು ಮಾಡುವುದು. ನಿಹಾರಿಗೆ ಬಳಸುವ ಕಾಲಿನ ಮಾಂಸ, ಪಾಯಾಕ್ಕೆ ಬಳಸುವ ಕಾಲುಗಳು ಹಿಂದಿನಿಂದಲೂ ಅಗ್ಗದ ಭಾಗಗಳು. ನಡೆದು ದುಡಿದ ಈ ಭಾಗಗಳಲ್ಲಿ ನಾರು ಮತ್ತು ಸ್ನಾಯುಬಂಧ ಹೆಚ್ಚು, ಆದ್ದರಿಂದ ಗಟ್ಟಿ. ಸಣ್ಣ ಉರಿಯಲ್ಲಿ ಐದಾರು ಗಂಟೆ ಬೇಯಿಸಿದಾಗ ಆ ಗಟ್ಟಿತನವೇ ಕರಗಿ ಜೆಲಾಟಿನ್ ಆಗಿ ಶೋರ್ಬಾ ಮಂದವಾಗುತ್ತದೆ, ತುಟಿಗೆ ಅಂಟುವಂತಾಗುತ್ತದೆ. ದುಬಾರಿ ಮೆತ್ತನೆಯ ಮಾಂಸದಿಂದ ಈ ಗುಣ ಬರುವುದಿಲ್ಲ.

ಮೆಣಸಿನಕಾಯಿ ತಂದ ಸಮಾನತೆ

ನಾಲ್ಕನೆಯ ಗುಟ್ಟು ಹೊರದೇಶದಿಂದ ಬಂತು. 'ಐನ್-ಇ-ಅಕ್ಬರಿ'ಯ ಅಡುಗೆಗಳಲ್ಲಿ ಖಾರಕ್ಕೆ ಕಾಳುಮೆಣಸು ಮತ್ತು ಶುಂಠಿ ಇವೆ, ಮೆಣಸಿನಕಾಯಿ ಇಲ್ಲ. ಅಮೆರಿಕ ಖಂಡದ ಬೆಳೆಯಾದ ಮೆಣಸಿನಕಾಯಿಯನ್ನು 1498ರ ನಂತರ ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ತಂದರು. ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿಗಳ ಮೂಲವೂ ಅದೇ ಖಂಡ. ಕಾಳುಮೆಣಸು ಮಳೆಕಾಡಿನ ಬಳ್ಳಿ, ಹಡಗುಗಳಲ್ಲಿ ಪರದೇಶಕ್ಕೆ ಹೋಗುತ್ತಿದ್ದ ದುಬಾರಿ ಸರಕು. ಮೆಣಸಿನಕಾಯಿಯಾದರೋ ಯಾರ ಹಿತ್ತಲಿನಲ್ಲಾದರೂ ಬೆಳೆಯುತ್ತದೆ. ಹೀಗೆ ಖಾರದ ರುಚಿ ಬಡವರಿಗೂ ದಕ್ಕಿತು.

ಬಣ್ಣದ ವಿಷಯವೂ ಹೀಗೆಯೇ. ಅರಮನೆಯ ಅಡುಗೆಗೆ ಕೇಸರಿ ಬಣ್ಣ ಕೊಡುತ್ತಿತ್ತು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ, ಖಾರ ಕಡಿಮೆ ಇಟ್ಟುಕೊಂಡು ಗಾಢ ಕೆಂಪು ಬಣ್ಣ ಕೊಡುತ್ತದೆ. ಬಾದಾಮಿ, ಗೋಡಂಬಿ ಅರೆದು ಸಾಲನ್ ಮಂದ ಮಾಡುವ ಜಾಗದಲ್ಲಿ ದಖ್ಖನಿನ ಹೆಂಗಸರು ಹುರಿದ ಕಡಲೆಕಾಯಿ, ಎಳ್ಳು, ಒಣಕೊಬ್ಬರಿ ಅರೆದರು. ಬಗಾರ ಬೈಂಗನ್ ಹುಟ್ಟಿದ್ದು ಹೀಗೆ. ಬದನೆಕಾಯಿಯ ಈ ಅಡುಗೆ ಇಂದು ಮದುವೆ ಮನೆಗಳಲ್ಲಿ ಬಿರಿಯಾನಿಯ ಪಕ್ಕದಲ್ಲಿ ತಲೆ ಎತ್ತಿ ಕುಳಿತಿದೆ. ಒಂದು ದಿನ ಹಳೆಯದಾದ ಬ್ರೆಡ್ಡನ್ನು ಹುರಿದು ಹಾಲು ಸಕ್ಕರೆಯಲ್ಲಿ ನೆನೆಸಿ ಮಾಡುವ ಡಬಲ್ ಕಾ ಮೀಠಾ ಕೂಡ ಇದೇ ಸಾಲಿಗೆ ಸೇರುತ್ತದೆ.

ಕೊರತೆಯಿಂದ ಹುಟ್ಟಿದ ಅಡುಗೆ ಎನ್ನುವ ಕಥೆಗಳನ್ನೆಲ್ಲ ಕಣ್ಣುಮುಚ್ಚಿ ನಂಬಬಾರದು ಎಂಬುದನ್ನೂ ಇಲ್ಲಿ ಹೇಳಬೇಕು. 1856ರಲ್ಲಿ ಪದಚ್ಯುತನಾಗಿ ಕಲ್ಕತ್ತೆಯ ಮಟಿಯಾಬುರ್ಜ್‌ನಲ್ಲಿ ನೆಲೆಸಿದ ಅವಧ್‌ನ ನವಾಬ ವಾಜಿದ್ ಅಲಿ ಶಾಹ್‌ಗೆ ಮಾಂಸ ಕೊಳ್ಳಲು ಹಣ ಸಾಲದೆ ಬಿರಿಯಾನಿಗೆ ಆಲೂಗಡ್ಡೆ ಹಾಕಿಸಿದನೆಂದು ಹೇಳುವುದುಂಟು. ಆದರೆ ಅವನಿಗೆ ವರ್ಷಕ್ಕೆ 12 ಲಕ್ಷ ರೂಪಾಯಿ ಪಿಂಚಣಿ ಇತ್ತು. ಅಷ್ಟು ಹಣವಿದ್ದವನಿಗೆ ಮಾಂಸದ ಕೊರತೆಯಾಯಿತೆಂದು ನಂಬುವುದು ಕಷ್ಟ. ಹೊಸ ತರಕಾರಿಯ ಮೇಲಿನ ಆಸೆಯೇ ಕಾರಣವಾಗಿರಬಹುದು.

ಇನ್ನೊಂದೆಡೆ, 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದದ್ದು ಇತಿಹಾಸ. ಯುದ್ಧಕಾಲದ ಆ ಅಕ್ಕಿಯ ಅಭಾವದಲ್ಲಿ ತಾವು ರವೆಯಿಂದ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾರೆ. ಇಂದು ರವೆ ಇಡ್ಲಿಯನ್ನು ಅಭಾವದ ತಿಂಡಿಯೆಂದು ಯಾರೂ ತಿನ್ನುವುದಿಲ್ಲ, ಇಷ್ಟಪಟ್ಟೇ ತಿನ್ನುತ್ತಾರೆ.

ನುಸ್ಖಾ ಮತ್ತು ಅಂದಾಜು

ಪಾಕವಿಧಾನಕ್ಕೆ ಉರ್ದುವಿನಲ್ಲಿ 'ನುಸ್ಖಾ' ಎಂಬ ಪದವಿದೆ. ಅರಬ್ಬಿ ಮೂಲದ ಈ ಪದಕ್ಕೆ ಬರೆದ ಪ್ರತಿ, ನಕಲು ಎಂಬ ಅರ್ಥವಿದೆ. ಹಕೀಮರು ಬರೆದುಕೊಡುವ ಔಷಧಿ ಚೀಟಿಯೂ ನುಸ್ಖಾ. ಆದರೆ ನಮ್ಮ ಅಜ್ಜಿಯರನ್ನು ಕೇಳಿದರೆ ಅವರ ಬಾಯಲ್ಲಿ ಬರುವ ಪದವೇ ಬೇರೆ: 'ಅಂದಾಜಾ'. ಎಷ್ಟು ಉಪ್ಪು? ಅಂದಾಜಿಗೆ. ಎಷ್ಟು ಹೊತ್ತು? ಅಂದಾಜಿಗೆ. ಫಾರಸಿಯಿಂದ ಬಂದ ಈ ಪದ ಕನ್ನಡದಲ್ಲೂ 'ಅಂದಾಜು' ಆಗಿ ಮನೆಮಾತಾಗಿದೆ. ಅರಮನೆಯ ಅಡುಗೆಗೆ ನುಸ್ಖಾ ಇತ್ತು, ಮನೆಯ ಅಡುಗೆಗೆ ಅಂದಾಜು ಇತ್ತು. ನುಸ್ಖಾ ಲಂಡನ್ನಿನ ಗ್ರಂಥಾಲಯದಲ್ಲಿ ಐನೂರು ವರ್ಷವಾದರೂ ಸುರಕ್ಷಿತವಾಗಿದೆ. ಅಂದಾಜು ಅದನ್ನು ಬಲ್ಲವರೊಂದಿಗೇ ಮಣ್ಣಾಗುತ್ತದೆ.

ತರಗತಿಯಲ್ಲಿ ಮಕ್ಕಳಿಗೆ ಒಮ್ಮೆ ಮನೆಯ ಒಂದು ಅಡುಗೆಯನ್ನು ಹಿರಿಯರಿಂದ ಕೇಳಿ ಬರೆದು ತರಲು ಹೇಳಿದ್ದೆ. ಹೆಚ್ಚಿನವರು ಬಿರಿಯಾನಿ ಬರೆದು ತಂದರು, ಅದೂ ಮಸಾಲೆ ಪೊಟ್ಟಣದ ಹಿಂಬದಿ ನೋಡಿ. ಒಬ್ಬ ಹುಡುಗಿ ಮಾತ್ರ ತನ್ನ ಅಜ್ಜಿ ಮಾಡುತ್ತಿದ್ದ ಹುರುಳಿ ಮತ್ತು ಒಣಮಾಂಸದ ಸಾರನ್ನು ಬರೆದು ತಂದಿದ್ದಳು. "ಇದನ್ನು ಬರೆಯಬಹುದೇ ಟೀಚರ್? ಇದು ಬಡವರ ಅಡುಗೆ ಅಲ್ಲವೇ?" ಎಂದು ಸಂಕೋಚದಿಂದ ಕೇಳಿದಳು. ಈ ಸಂಕೋಚವೇ ನಮ್ಮ ನಷ್ಟಕ್ಕೆ ಕಾರಣ. ಯಾವುದರಿಂದ ನಮ್ಮ ಹಿರಿಯರು ಹತ್ತು ಮಕ್ಕಳನ್ನು ಸಾಕಿದರೋ, ನೆಂಟರನ್ನು ಹಸಿದು ಕಳಿಸಲಿಲ್ಲವೋ ಅದನ್ನು ಹೇಳಿಕೊಳ್ಳಲು ನಾವು ನಾಚುತ್ತಿದ್ದೇವೆ. ಯಾವುದು ಸಾಲಕ್ಕೆ ನೂಕುತ್ತದೋ ಅದನ್ನು ಅಂತಸ್ತು ಎನ್ನುತ್ತಿದ್ದೇವೆ.

ನಾವು ಮಾಡಬೇಕಾದದ್ದು

ಆದುದರಿಂದ ಅಲ್ಪ ಖರ್ಚಿನ ಉತ್ತಮ ಪಾಕವಿಧಾನಗಳನ್ನು ಹುಡುಕುವವರು ಮೊದಲು ಹೋಗಬೇಕಾದದ್ದು ಅರವತ್ತು ದಾಟಿದ ಹೆಂಗಸರ ಬಳಿಗೆ. ಬರಗಾಲವನ್ನೂ ರೇಷನ್ ಸಾಲನ್ನೂ ಕಂಡವರು ಅವರು. ಅವರ ಅನುಭವವನ್ನು ದಾಖಲಿಸುವುದು ಇತಿಹಾಸದ ಕೆಲಸ. ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳು, ವಿಶೇಷವಾಗಿ ವಿದ್ಯಾರ್ಥಿನಿಯರಷ್ಟೇ ಅಲ್ಲದೆ ಹುಡುಗರೂ, ಇದನ್ನು ಕೈಗೊಳ್ಳಬಹುದು.

ಕ್ರಮ ಸರಳವಾಗಿದೆ. ಅಜ್ಜಿ ಅಡುಗೆ ಮಾಡುವಾಗ ಪಕ್ಕದಲ್ಲಿ ಕುಳಿತು, ಅವರು ಅಂದಾಜಿಗೆ ತೆಗೆದ ಪ್ರತಿಯೊಂದು ಹಿಡಿಯನ್ನೂ ಪಾತ್ರೆಗೆ ಹಾಕುವ ಮೊದಲು ತೂಗಿ ಅಥವಾ ಅಳೆದು ಬರೆದುಕೊಳ್ಳಬೇಕು. ಅಬುಲ್ ಫಜಲ್ ಮಾಡಿದಂತೆ ಎಷ್ಟು ಸಾಮಾನಿಗೆ ಎಷ್ಟು ಜನ ಉಂಡರೆಂಬುದನ್ನು ಬರೆಯಬೇಕು. ಪ್ರತಿ ಸಾಮಾನಿನ ಅಂದಿನ ದರವನ್ನು ಬರೆದು ಒಬ್ಬರ ಊಟಕ್ಕೆ ಎಷ್ಟು ಖರ್ಚಾಯಿತೆಂದು ಭಾಗಿಸಿ ನೋಡಬೇಕು. ಈ ಅಡುಗೆಯನ್ನು ಅವರು ಯಾರಿಂದ, ಯಾವ ಊರಿನಲ್ಲಿ ಕಲಿತರೆಂದೂ ಕೇಳಬೇಕು. ದಖ್ಖನಿಯಲ್ಲಿ ಅದಕ್ಕೆ ಏನು ಹೆಸರು, ಪಕ್ಕದ ಮನೆಯ ಕನ್ನಡದವರು ಅದನ್ನು ಏನೆನ್ನುತ್ತಾರೆ ಎಂಬುದೂ ಇರಲಿ. ಹೀಗೆ ಒಬ್ಬ ವಿದ್ಯಾರ್ಥಿ ಒಂದೇ ಅಡುಗೆಯನ್ನು ಬರೆದರೂ ಸಾಕು. ಗಣಿತ, ಭಾಷೆ, ಇತಿಹಾಸ ಮೂರೂ ಆ ಒಂದು ಪುಟದಲ್ಲಿ ಬರುತ್ತವೆ.

ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ದಾವತ್‌ನಲ್ಲಿ ದಾಲ್ಚಾ, ಬಗಾರ ಅನ್ನ, ಬದನೆಕಾಯಿ, ಮೊಸರು ಇಷ್ಟನ್ನೇ ಮಾಡಿ, ಹೊನ್ನಾವರದ ಸುಲ್ತಾನನ ಮನೆಯಂತೆ ಒಂದೊಂದಾಗಿ ಬಿಸಿಬಿಸಿಯಾಗಿ ಬಡಿಸಿ ನೋಡಿ. ಯಾರೂ ಹಸಿದು ಏಳುವುದಿಲ್ಲ, ಮನೆಯ ಮಾನವೂ ಹೋಗುವುದಿಲ್ಲ. ಉಳಿದ ಹಣ ಮಕ್ಕಳ ಪುಸ್ತಕಕ್ಕೆ, ಶುಲ್ಕಕ್ಕೆ ಒದಗುತ್ತದೆ. ಆರುನೂರೈವತ್ತು ವರ್ಷಗಳಿಗೂ ಹಿಂದೆ ಹೊನ್ನಾವರದಲ್ಲಿ ಒಳ್ಳೆಯ ಊಟವೂ ಇತ್ತು, ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳೂ ಇದ್ದವು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದ ಅಗತ್ಯ ನಮಗೂ ಇಲ್ಲ.